ಅಧ್ಯಕ್ಷರ ಪರವಾಗಿ ಪ್ರೋಟೀನ್ ಸೇವನೆ

ಧವಲಧಾರಾ ಸಹಕಾರಿ ಹಾಲು ಒಕ್ಕೂಟದ ಅಧ್ಯಕ್ಷರಾದ ತಾತ್ಯಾಸಾಹೇಬ್ ಇಂಗವಲೆಯವರ ಹೊಟ್ಟೆಯನ್ನು ಆಡಳಿತ ಮಂಡಳಿಯ ಪೂರ್ವಾನುಮತಿಯೊಂದಿಗೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಚಿಕ್ಕದು ಮಾಡಿಸಲಾಗಿತ್ತು. ಪುಣೆಯ ಆಸ್ಪತ್ರೆಯಿಂದ ಅವರು ಕೊಲ್ಹಾಪುರಕ್ಕೆ ಮರಳಿದಾಗ ಹೊಟ್ಟೆ ಚಹಾದ ಲೋಟದಷ್ಟಿತ್ತು. ಹುದ್ದೆ ಮೊದಲಿನಷ್ಟೇ ಇತ್ತು.

ಆಸ್ಪತ್ರೆಯ ಆಹಾರತಜ್ಞೆ ಸೀಮಂತಿನಿ ಗೋಗಟೆ ಕಳಿಸುವಾಗಲೇ ಹೇಳಿದ್ದರು: "ಊಟಕ್ಕೆ ಕೂತ್ರೆ ಮೊದ್ಲು ಮೊಟ್ಟೆ, ಮೀನು, ಪನೀರು. ಜಾಗ ಉಳಿದ್ರೆ ಮಿಕ್ಕಿದ್ದು. ಕರುಳಿನ ದಾರೀನೂ ಗಿಡ್ಡ ಮಾಡಿದೀವಿ, ತಿಂದದ್ದೆಲ್ಲ ಮೈಗೆ ಹತ್ತಲ್ಲ. ಮುಂದಿನ ತಪಾಸಣೆಲಿ ರಕ್ತದಲ್ಲಿ ಪ್ರೋಟೀನ್ ಕಮ್ಮಿ ಬಂದ್ರೆ ಮತ್ತೆ ಇಲ್ಲೇ ಬಂದು ಮಲಗಬೇಕು."

ಮಂಜೂರಾದದ್ದೆಲ್ಲ ತಲುಪುವುದಿಲ್ಲವೆಂದು ತಾತ್ಯಾಸಾಹೇಬರಿಗೆ ಯಾರೂ ಕಲಿಸಬೇಕಾಗಿರಲಿಲ್ಲ; ಅವರು ಸಹಕಾರಿ ಕ್ಷೇತ್ರದಲ್ಲೇ ಬೆಳೆದವರು. ಅವರ ಆತಂಕ ಆಸ್ಪತ್ರೆಯದು. ಒಕ್ಕೂಟದ ಚುನಾವಣೆ ಹತ್ತಿರ ಬಂದಿತ್ತು. ಹಾಸಿಗೆ ಹಿಡಿದವರಿಗೆ ಮತ ಹಾಕುವ ಪದ್ಧತಿ ಆ ಸೀಮೆಯಲ್ಲಿರಲಿಲ್ಲ.

ತೊಡಕು ಪೇಢೆಯದು. ಪ್ರಚಾರಕ್ಕೆ ಹೋದ ಹಳ್ಳಿಯಲ್ಲೆಲ್ಲ ಹಾಲಿನ ಸಂಘದವರು ಮೊದಲು ಬಾಯಿಗೆ ಪೇಢೆ ಇಡುತ್ತಿದ್ದರು.

"ಅರ್ಧಾ ಸಾಕವ್ವಾ," ಎಂದರೆ,

"ಯಾಕ್ರೀ ತಾತ್ಯಾ, ಉಳಿದರ್ಧಾ ಎದುರಿನ ಗುಂಪಿನವ್ರು ತಿನ್ನಿಸಿ ಕಳಿಸ್ಯಾರೇನು?" ಎನ್ನುತ್ತಿದ್ದರು.

ಅವರು ಪೂರ್ತಿ ತಿನ್ನುತ್ತಿದ್ದರು. ಹೊಟ್ಟೆ ತುಂಬುತ್ತಿತ್ತು. ಮೊಟ್ಟೆ ಡಬ್ಬಿಯಲ್ಲೇ ಮನೆಗೆ ಮರಳುತ್ತಿತ್ತು. ಬರಬರುತ್ತ ಬಾಚಣಿಗೆಯಲ್ಲಿ ಕೂದಲು ಹೆಚ್ಚಿತು, ತಲೆಯ ಮೇಲೆ ಕಡಿಮೆಯಾಯಿತು. ವೇದಿಕೆ ಹತ್ತಲು ಇಬ್ಬರ ಹೆಗಲು ಬೇಕಾಯಿತು.

ಮಂಡಳಿ ತುರ್ತು ಸಭೆ ಸೇರಿ, ಒಕ್ಕೂಟದ ಹಾಲಿನಿಂದಲೇ ತಯಾರಾಗುವ ಕಾರಣ ಪೇಢೆಯನ್ನು ಪ್ರೋಟೀನ್ ಎಂದು ಪರಿಗಣಿಸತಕ್ಕದ್ದೆಂದು ಠರಾವು ಮಾಡಿತು. ಅದರಲ್ಲಿ ಹೆಚ್ಚಿನದು ಸಕ್ಕರೆಯೆಂದು ಗೋಗಟೆ ಫೋನಿನಲ್ಲಿ ಆಕ್ಷೇಪಿಸಿದರು. ಅವರು ಒಕ್ಕೂಟದ ಸದಸ್ಯರಲ್ಲವಾದ್ದರಿಂದ ಆಕ್ಷೇಪವನ್ನು ದಾಖಲಿಸಲಾಗಲಿಲ್ಲ. ಕೂದಲು ಮಾತ್ರ ಠರಾವನ್ನು ಪಾಲಿಸಲಿಲ್ಲ.

ಆಗ ವ್ಯವಸ್ಥಾಪಕ ಮಗ್ದೂಮ್ ಎದ್ದು ನಿಂತರು.

"ಸಾಹೇಬ್ರ, ಒಂದೊಂದು ಹಳ್ಳಿಯಾಗ ನೂರಾರು ಮಂದಿ ಎಮ್ಮಿ ಕಟ್ಟ್ಯಾರ. ನಮ್ಮ ಚುನಾವಣಿಯೊಳಗ ಓಟು ಹಾಕಾಂವ ಮಾತ್ರ ಒಬ್ಬನ, ಹಳ್ಳಿ ಸಂಘದವ್ರು ಠರಾವು ಮಾಡಿ ಕಳಿಸಿದಾಂವ. ಅಷ್ಟು ಮಂದಿ ಪರವಾಗಿ ಒಬ್ಬ ಓಟು ಹಾಕಬಹುದಾದ್ರ, ಒಬ್ಬರ ಪರವಾಗಿ ಒಬ್ಬ ಮೊಟ್ಟಿ ತಿನ್ನಬಾರದೇನು?"

ಸಭೆ ಮೇಜು ಕುಟ್ಟಿ ಒಪ್ಪಿತು. ಮಗ್ದೂಮರನ್ನೇ ಪ್ರತಿನಿಧಿಯಾಗಿ ನೇಮಿಸಲಾಯಿತು. ಪ್ರತಿನಿಧಿಯು ಅಧ್ಯಕ್ಷರ ಹೆಸರಿನಲ್ಲಿ ನಿತ್ಯ ಮೊಟ್ಟೆ, ಮೀನು, ಪನೀರು ಸೇವಿಸತಕ್ಕದ್ದು. ಮೈಗೆ ಹತ್ತದೆ ಹೋಗುವ ಭಾಗವನ್ನು ಸರಿದೂಗಿಸಲು ಇಮ್ಮಡಿ ತಿನ್ನತಕ್ಕದ್ದು. ತೇಗು ಬಂದಲ್ಲಿ ಅದನ್ನು ಅಧ್ಯಕ್ಷರದೆಂದು ಭಾವಿಸತಕ್ಕದ್ದು. ಬುಧವಾರ, ಶುಕ್ರವಾರ, ಭಾನುವಾರ ಮಟನ್ ಎಂಬ ತಿದ್ದುಪಡಿಯನ್ನು ಮಗ್ದೂಮರೇ ಸೂಚಿಸಿದರು, ಮಗ್ದೂಮರೇ ಅನುಮೋದಿಸಿದರು.

ಮನೆಯಲ್ಲಿ ಹೆಂಡತಿ ಇಂದುಮತಿ ಮೀನಿನ ತಟ್ಟೆ ತಂದಿಟ್ಟರು.

"ಒಂದು ತುಂಡರ ತಿನ್ರೀ."

"ಇವತ್ತಿಂದು ಆಗೇದ. ಮಗ್ದೂಮ್ ಮುಂಜಾನೆನ ತಿಂದ."

"ಹಂಗಾದ್ರ ತಲಿ ಬಾಚೂ ಹಣಿಗಿನೂ ಅವಗ ಕೊಟ್ಟುಬಿಡ್ರಿ. ನಿಮಗ್ಯಾಕ ಬೇಕು?"

ತಾತ್ಯಾಸಾಹೇಬರು ಮೀನನ್ನು ನೋಡಿದರು. ಅಂದು ಪೇಢೆ ತಿಂದಿರಲಿಲ್ಲ, ಒಳಗೆ ಜಾಗವೂ ಇತ್ತು. ಕೈ ಅರ್ಧ ದಾರಿ ಹೋಯಿತು. ಆದರೆ ಠರಾವನ್ನು ಅಧ್ಯಕ್ಷನೇ ಮುರಿದರೆ ಸಂಸ್ಥೆ ನಡೆಯುವುದು ಹೇಗೆ? ಕೈಯನ್ನು ಹಿಂದಕ್ಕೆ ಕರೆಸಿಕೊಂಡರು.

ತಪಾಸಣೆಗೆ ರಕ್ತವನ್ನೂ ಅಧ್ಯಕ್ಷರ ಹೆಸರಿನಲ್ಲಿ ಪ್ರತಿನಿಧಿಯೇ ಕೊಲ್ಹಾಪುರದಲ್ಲಿ ಕೊಟ್ಟರು; ವರದಿ ಪುಣೆಗೆ ಹೋಯಿತು. ತಿಂದವನ ರಕ್ತ ಬಿಟ್ಟು ತಿನ್ನದವನ ರಕ್ತ ನೋಡುವುದು ಅವೈಜ್ಞಾನಿಕವೆಂದು ಮಂಡಳಿಗೆ ಅನಿಸಿತ್ತು. ವರದಿ ನೋಡಿ ಗೋಗಟೆಯವರೇ ಫೋನ್ ಮಾಡಿದರು.

"ಇಷ್ಟು ಒಳ್ಳೆ ವರದಿ ನಾನು ನೋಡೇ ಇಲ್ಲ. ಆಸ್ಪತ್ರೆಗೆ ಬರೋದೇನೂ ಬೇಡ. ಮಾಡ್ತಿರೋದನ್ನೇ ಮುಂದುವರಿಸಿ."

ಮುಂದುವರಿಸಲಾಯಿತು. ವಾರ್ಷಿಕ ಸಭೆಯಂದು ತಾತ್ಯಾಸಾಹೇಬರನ್ನು ಕುರ್ಚಿ ಸಮೇತ ವೇದಿಕೆಯ ಮೇಲೆ ಎತ್ತಿ ಇಡಲಾಯಿತು. ಅವರ ಆರೋಗ್ಯ ಸುಧಾರಣೆಗೆ ಅಭಿನಂದನೆ ಸಲ್ಲಿಸುವ ನಿರ್ಣಯ ಮಂಡನೆಯಾಯಿತು. ಒಪ್ಪುವವರು ಕೈ ಎತ್ತಬೇಕೆಂದು ಕೋರಲಾಯಿತು. ಸಭಾಂಗಣವೆಲ್ಲ ಕೈಯಾಯಿತು. ಅಧ್ಯಕ್ಷರ ಕೈ ತೊಡೆಯಿಂದ ತುಸು ಎದ್ದು, ಯೋಚಿಸಿ, ಅಲ್ಲೇ ಕೂತಿತು.

ಪಕ್ಕದಲ್ಲಿ ಎರಡು ಕುರ್ಚಿ ಜೋಡಿಸಿಕೊಂಡು ಕೂತಿದ್ದ ಮಗ್ದೂಮ್ ತಮ್ಮ ಎರಡೂ ಕೈ ಎತ್ತಿದರು. ಅವುಗಳಲ್ಲಿ ಒಂದನ್ನು ಅಧ್ಯಕ್ಷರದೆಂದು ಎಣಿಸಿ, ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.