ಆಗೋದಿಲ್ಲ ಎನ್ನುವ ವಿದ್ಯೆ

ದೇವರು ಆ ಗೋದಾಮಿನ ಮೇಲ್ವಿಚಾರಕನಿಗೆ ಒಳ್ಳೆಯ ಹೆಂಡತಿ, ಗಟ್ಟಿ ಹಲ್ಲು, ಕಾಯಂ ಕೆಲಸ ಎಲ್ಲವನ್ನೂ ಕೊಟ್ಟು, 'ಆಗೋದಿಲ್ಲ' ಎಂಬ ಒಂದು ಮಾತನ್ನು ಕೊಡಲು ಮಾತ್ರ ಮರೆತಿದ್ದ. ಹಾಗಾಗಿ ಎರಡು ವಾರಕ್ಕೆಂದು ಬಂದ ಹೆಂಡತಿಯ ತಮ್ಮ ಮೂರು ವರ್ಷದಿಂದ ಮನೆಯ ಒಂದೇ ಮಲಗುವ ಕೋಣೆಯಲ್ಲಿ ಬೇರು ಬಿಟ್ಟಿದ್ದ. ಗಂಡ ಹೆಂಡತಿ ನಡುಮನೆಯಲ್ಲಿ, ಹೊಲಿಗೆ ಯಂತ್ರದ ಕಾಲಬುಡದಲ್ಲಿ ಮಲಗುತ್ತಿದ್ದರು.

ಮೇಲ್ವಿಚಾರಕ ಸಂಜೆ ಕಾಲೇಜಿನಲ್ಲಿ ಎಂ.ಬಿ.ಎ. ಓದುತ್ತಿದ್ದ. ಕೊನೆಯ ವರ್ಷಕ್ಕೆ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು. 'ಸಂಧಾನ ಕಲೆ' ಎಂಬ ವಿಷಯ ಇದೆಯೆಂದು ತಿಳಿದಾಗಿನಿಂದ ಅವನಿಗೆ ನಿದ್ದೆಯಲ್ಲೂ ನಗು. ಅದನ್ನು ಕಲಿಯಬೇಕು, ಕೋಣೆ ಬಿಡಿಸಿಕೊಳ್ಳಬೇಕು.

"ಇವತ್ತೇ ಕಡೇ ದಿನ ಕಣೆ," ಎಂದ ಬೆಳಿಗ್ಗೆ.

"ಅದೊಂದನ್ನಾದ್ರೂ ಸರಿಯಾಗಿ ಕಲೀರಿ. ನನ್ನ ತಮ್ಮ ಅಂತ ಮುಖ ನೋಡ್ಬೇಡಿ," ಎಂದು ಹೆಂಡತಿ ಪಿಸುಗುಟ್ಟಿದಳು.

ಕೋಣೆಯೊಳಗಿಂದ ಆಕಳಿಕೆ ಕೇಳಿತು. "ಭಾವ, ಒಂದ್ಕಡೆ ಹೋಗೋದಿದೆ. ನಿಮ್ಮ ಕೋಟು ತಗೊಳ್ಲಾ?"

"ತಗೋಪ್ಪ."

ಹೆಂಡತಿ ಹಣೆ ಚಚ್ಚಿಕೊಂಡಳು.

ಆ ಕಾಲೇಜಿನಲ್ಲಿ ಹತ್ತು ಜನ ಸೇರದ ವಿಷಯ ರದ್ದು. ರದ್ದಾದರೆ ಅದರ ಮೇಷ್ಟ್ರಿಗೆ ವರ್ಷವಿಡೀ ಪರೀಕ್ಷಾ ಕೊಠಡಿಯ ಕಾವಲು. ಆದ್ದರಿಂದ ಆ ಸಂಜೆ ವಿದ್ವಾಂಸರೆಲ್ಲ ಬಸ್ ನಿಲ್ದಾಣದ ಏಜೆಂಟರಂತೆ ಬಾಗಿಲಲ್ಲೇ ನಿಂತು ಜನ ಹಿಡಿಯುತ್ತಿದ್ದರು.

ತೆರಿಗೆಯ ಮೇಷ್ಟ್ರು ಇವನ ಬಲಗೈ ಹಿಡಿದರು. "ನನ್ನ ಕ್ಲಾಸಿಗೆ ಬನ್ನಿ. ನೀವು ಬರದೇ ಇದ್ರೂ ಹಾಜರಿ ಹಾಕ್ತೀನಿ."

"ಸರಿ ಸಾರ್."

ಅಷ್ಟರಲ್ಲಿ ನೀತಿಶಾಸ್ತ್ರದ ಮೇಡಂ ಎಡಗೈ ಹಿಡಿದರು. "ಅವರ ಮಾತು ನಂಬಬೇಡಿ. ನನ್ನಲ್ಲಿಗೆ ಬನ್ನಿ, ಪ್ರಶ್ನೆಪತ್ರಿಕೆ ಮೊದಲೇ ಹೇಳ್ಬಿಡ್ತೀನಿ."

"ಸರಿ ಮೇಡಂ."

"ನನಗೆ ಮೊದಲು ಸರಿ ಅಂದಿದ್ದು," ಎಂದು ಮೇಷ್ಟ್ರು ಎಳೆದರು. ಮೇಡಂ ಬಿಡಲಿಲ್ಲ. ಹಿಂಡಲು ಹಿಡಿದ ಒದ್ದೆ ಪಂಚೆಯಂತೆ ತಿರುಚಿಕೊಳ್ಳುತ್ತ ಮೇಲ್ವಿಚಾರಕ ಗುಮಾಸ್ತನ ಕಿಟಕಿಯ ಮುಂದೆ ಬಂದು ನಿಂತ.

"ಯಾವ ವಿಷಯ ಬರ್ಕೊಳ್ಲಿ?" ಎಂದ ಗುಮಾಸ್ತ.

ಇವನಿಗೆ ಹೊಲಿಗೆ ಯಂತ್ರ ನೆನಪಾಯಿತು. ರಾತ್ರಿ ಮಗ್ಗುಲಾದಾಗಲೆಲ್ಲ ಮಂಡಿಗೆ ಬಡಿಯುವ ಅದರ ಕಬ್ಬಿಣದ ಕಾಲು ನೆನಪಾಯಿತು.

"ಎರಡೂ ಆಗೋದಿಲ್ಲ. ನನಗೆ ಸಂಧಾನ ಕಲೆ."

ಎರಡೂ ಕೈಗಳು ಒಟ್ಟಿಗೆ ಬಿಡುಗಡೆಯಾದವು. ಅವನಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

"ಬದುಕಿಸಿದ್ರಿ," ಎಂದ ಗುಮಾಸ್ತ. "ಒಂಬತ್ತೇ ಜನ ಆಗಿದ್ರು. ನೀವು ಬರದಿದ್ರೆ ರದ್ದಾಗ್ತಿತ್ತು. ಇನ್ನು ಬದಲಾಯಿಸೋ ಹಾಗಿಲ್ಲ, ನೋಡಿ."

"ಯಾಕ್ರೀ ಬದಲಾಯಿಸ್ಲಿ? ಈ ವಿಷಯಕ್ಕೆ ಮೇಷ್ಟ್ರೇ ಸಿಕ್ಕಿಲ್ಲ ಅಂತಿದ್ರಲ್ಲ, ಸಿಕ್ಕಿದ್ರಾ?"

"ಮಧ್ಯಾಹ್ನ ಸಿಕ್ಕಿದ್ರು. ಭಾರಿ ಆಸಾಮಿ. ಡೈರೆಕ್ಟರು ಅವರನ್ನ ಸಂದರ್ಶನಕ್ಕೆ ಕರೆದ್ರು. ಸ್ವಲ್ಪ ಹೊತ್ತಿಗೆ ಅವರು ಪ್ರಶ್ನೆ ಕೇಳ್ತಿದ್ರು, ಡೈರೆಕ್ಟರು ಎದ್ದು ನಿಂತು ಉತ್ತರ ಹೇಳ್ತಿದ್ರು. ಕುರ್ಚೀನೂ ಅವರಿಗೇ ಬಿಟ್ಕೊಟ್ಟಿದ್ರು. ಇವತ್ತೇ ಮೊದಲ ಕ್ಲಾಸು, ಹೋಗಿ."

ಇಂಥ ಗುರುವನ್ನೇ ದೇವರು ಕಳಿಸಿದ್ದಾನೆಂದು ಮೇಲ್ವಿಚಾರಕ ಮನಸ್ಸಿನಲ್ಲೇ ಕೈಮುಗಿದು, ತರಗತಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತ.

ಬಾಗಿಲು ತೆರೆಯಿತು. ಅವನಿಗೆ ಮೊದಲು ಕಂಡದ್ದು ಕೋಟು. ಮೊಣಕೈಯಲ್ಲಿ ಹೆಂಡತಿ ಹಾಕಿದ ನೀಲಿ ತೇಪೆ. ಆಮೇಲೆ ಕಂಡದ್ದು ಭಾವಮೈದುನ.

"ಕೂತ್ಕೊಳ್ಳಿ," ಎಂದರು ಹೊಸ ಮೇಷ್ಟ್ರು. "ಸಂಧಾನ ಅಂದ್ರೆ ಬೇರೆಯವರ ಜಾಗದಲ್ಲಿ ಮಲಗಿ, ಅವರ ಬಾಯಲ್ಲೇ 'ನಿದ್ದೆ ಚೆನ್ನಾಗಿ ಬಂತಾ' ಅಂತ ಕೇಳಿಸ್ಕೊಳ್ಳೋದು. ನನಗಿದರಲ್ಲಿ ಮೂರು ವರ್ಷದ ಅನುಭವ."

ತರಗತಿ ಚಪ್ಪಾಳೆ ತಟ್ಟಿತು.

ಪಾಠ ಮುಗಿದ ಮೇಲೆ ಮೇಷ್ಟ್ರು ಬೆಂಚಿನ ಬಳಿ ಬಂದರು. "ಮೇಷ್ಟ್ರು ಸಿಕ್ಕಿಲ್ಲ ಅಂತ ಮೊನ್ನೆ ಊಟಕ್ಕೆ ಕೂತಾಗ ನೀವೇ ಹೇಳಿದ್ರಲ್ಲ ಭಾವ, ಉಪಕಾರ ಆಯ್ತು. ಇಲ್ಲಿ ಮಾತ್ರ ನನ್ನನ್ನ ಸಾರ್ ಅನ್ನಿ. ಇನ್ಮೇಲೆ ಪಾಠ ತಯಾರಿ, ಬರವಣಿಗೆ ಎಲ್ಲಾ ಇರುತ್ತೆ. ನಡುಮನೇನೂ ಬೇಕಾಗುತ್ತೆ. ಅಡುಗೆಮನೆ ಬೆಚ್ಚಗಿದೆ, ಅಲ್ವಾ?"

ಸಂಜೆಯಷ್ಟೇ ಕಲಿತ ಮಾತು ಮೇಲ್ವಿಚಾರಕನ ನಾಲಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಮೇಷ್ಟ್ರು, ಅಂಕ ಕೊಡುವ ಕೆಂಪು ಪೆನ್ನನ್ನು ಕೋಟಿನ ಜೇಬಿಗೆ ಸಿಕ್ಕಿಸಿಕೊಂಡರು.

"ಸರಿ ಸಾರ್," ಎಂದ ಅವನು.