ಜಂಬಣ್ಣ ತಂದ ಕಂಟ್ರೋಲರ್

ಎಮ್ಮೆ ಹಾಲು ಇಳಿಸಲಿಲ್ಲ ಎಂದು ಮನುಷ್ಯನ ಕಸುಬನ್ನು ಬೀದಿಗೆ ಎಸೆಯುವುದು ಯಾವ ಊರಿನ ನ್ಯಾಯ? ಜಂಬಣ್ಣನಿಗೆ ಮುಖ ತೊಳೆಯುವ ಮೊದಲೇ ಈ ಪ್ರಶ್ನೆ ಎದುರಾಯಿತು. ಮನೆ ಮಾಲೀಕ ದೊಡ್ಡಹನುಮಯ್ಯ ಪಂಚೆ ಎತ್ತಿ ಕಟ್ಟಿ ಹಿತ್ತಲಿನ ತಗಡು ಶೆಡ್ಡಿನ ಮುಂದೆ ನಿಂತಿದ್ದ.

“ಸಾಯಂಕಾಲದೊಳಗೆ ನಿಮ್ಮ ಮಿಷಿನ್ನು ಆಚೆ ಇಡಿ. ಅದರ ಕಿರ್ರೋ ಸದ್ದಿಗೆ ನನ್ನೆಮ್ಮೆ ಹಾಲೇ ಇಳಿಸ್ತಿಲ್ಲ. ಶೆಡ್ಡಲ್ಲಿ ಇನ್ಮೇಲೆ ಎಮ್ಮೆ ಕಟ್ತೀನಿ.”

“ಶೆಡ್ಡಿಗೂ ಸೇರಿಸಿ ಬಾಡಿಗೆ ಕೊಡ್ತಿದೀನಲ್ರೀ!”

“ಅದನ್ನ ಎಮ್ಮೆಗೆ ಹೇಳಿ” ಎಂದು ದೊಡ್ಡಹನುಮಯ್ಯ ಹೊರಟೇಹೋದ.

ಜಂಬಣ್ಣ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಟೂಲ್ ರೂಮಿನ ಕೆಲಸಗಾರ. ಅಲ್ಲಿಗೆ ಹೊಸದಾಗಿ ಬಂದಿದ್ದ, ಲೋಹ ಕೊರೆಯುವ ಕಂಪ್ಯೂಟರ್ ಮಿಲ್ಲಿಂಗ್ ಮಿಷಿನ್ನನ್ನು ಗಾಜಿನ ಕೋಣೆಯಲ್ಲಿಟ್ಟು ‘ಮುಟ್ಟಬಾರದು’ ಎಂದು ಬೋರ್ಡು ಹಾಕಿದ್ದರು. ಆ ಅವಮಾನಕ್ಕೇ ಅವನು ಗುಜರಿ ಕಬ್ಬಿಣ ಹೊಂದಿಸಿ ಶೆಡ್ಡಿನಲ್ಲಿ ತನ್ನದೇ ಪುಟ್ಟ ಮಿಷಿನ್ನು ಕಟ್ಟಿದ್ದ. ಸದ್ಯಕ್ಕೆ ಅದನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಕಂಪ್ಯೂಟರ್ ಹೇಳಬೇಕು, ಮಿಷಿನ್ನು ಕೊರೆಯಬೇಕು, ತಾನು ಕಾಲ ಮೇಲೆ ಕಾಲು ಹಾಕಿ ನೋಡಬೇಕು ಎಂಬುದು ಅವನ ಕನಸು. ಶೆಡ್ಡು ಹೋದರೆ ಕನಸೂ ಹೋದಂತೆ.

ಅಷ್ಟರಲ್ಲಿ ಕಾರ್ಖಾನೆಯ ಗೆಳೆಯ ಗಂಗಾಧರಯ್ಯ ಸೈಕಲ್ಲಿನಲ್ಲಿ ಬಂದು ಗೇಟಿನ ಹತ್ತಿರ ನಿಂತ.

“ಕಂಪ್ಯೂಟರ್‌ಗೆ ತಲೆ ಕೆಡಿಸ್ಕೋಬೇಡಿ ಜಂಬಣ್ಣ, ಟೀವಿಗೆ ಸಿಕ್ಕಿಸೋ ಸಣ್ಣದೇ ಸಾಕು. ಅದು ಹೇಳಿದ್ದನ್ನ ಮೋಟಾರ್‌ಗೆ ದಾಟಿಸೋಕೆ ಮಧ್ಯೆ ಒಂದು ಕಂಟ್ರೋಲರ್ ಬೇಕಲ್ಲ, ಅದು ಗಟ್ಟಿ ಇರ್ಬೇಕು. ಮನೇಲಿ ಎರಡಿವೆ, ಬಂದು ಆರಿಸ್ಕೊಳ್ಳಿ.”

ಬೆಳಗಿನ ಸಿಟ್ಟು ಇನ್ನೂ ಆರಿರದ ಜಂಬಣ್ಣ ಬೀದಿಗೆಲ್ಲ ಕೇಳುವಂತೆ ಅಂದ: “ಇವತ್ತೇ ಬರ್ತೀನಿ! ಒಂದ್ಸಲ ಕಂಟ್ರೋಲರ್ ಬರ್ಲಿ, ಆಮೇಲೆ ಹೇಳ್ದಂಗೆ ಕುಣೀಬೇಕು. ಒಂದು ಕೂದಲೆಳೆ ಆಚೆ ಈಚೆ ಜರುಗೋ ಹಾಗಿಲ್ಲ!”

ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಪಕ್ಕದ ಮನೆ ಅಂಜನಮ್ಮನಿಗೆ ಕೇಳಿಸಿದ್ದು ಇಷ್ಟೇ. ಆ ಕಾಲದ ವಿಜಯನಗರದಲ್ಲಿ ಬಾಡಿಗೆದಾರನ ಬಾಯಲ್ಲಿ ಕಂಟ್ರೋಲರ್ ಎಂಬ ಮಾತು ಬಂದರೆ ಅದು ಬಾಡಿಗೆದಾರರ ದೂರು ಕೇಳುವ ಸರ್ಕಾರಿ ಅಧಿಕಾರಿ, ರೆಂಟ್ ಕಂಟ್ರೋಲರೇ. ಮನೆ ಮಾಲೀಕರ ಪಾಲಿಗೆ ಆತ ಯಮಧರ್ಮನ ಒಡಹುಟ್ಟಿದ ತಮ್ಮ. ಅಂಜನಮ್ಮ ತುಂಬದ ಕೊಡವನ್ನು ಅಲ್ಲೇ ಬಿಟ್ಟು ದೊಡ್ಡಹನುಮಯ್ಯನ ಮನೆಗೆ ಓಡಿದಳು.

ಬಸವೇಶ್ವರನಗರದ ಗೆಳೆಯನ ಮನೆಯಲ್ಲಿ ಜಂಬಣ್ಣ ಮಧ್ಯಾಹ್ನದವರೆಗೆ ತೂಗಿ ನೋಡಿದ. ಒಂದು ಕಂಟ್ರೋಲರ್ ಹಗುರ, ಆದರೆ ಒಂದೇ ಜಾತಿಯ ಕಂಪ್ಯೂಟರಿನ ಮಾತು ಕೇಳುತ್ತಿತ್ತು. ಇನ್ನೊಂದು ಹಳೆಯದು, ಯಾರು ಹೇಳಿದರೂ ಕೇಳುತ್ತಿತ್ತು, ಆದರೆ ರುಬ್ಬುಗುಂಡಿನಷ್ಟು ಭಾರ. ಭಾರದ್ದನ್ನೇ ಹೊತ್ತು ಬಸ್ಸು ಹತ್ತಿದ.

“ಏನ್ರೀ ಅದು ಡಬ್ಬ?” ಎಂದ ಕಂಡಕ್ಟರ್.

“ಕಂಟ್ರೋಲರ್.”

ಬಸ್‌ಸ್ಟ್ಯಾಂಡಿನಲ್ಲಿ ಕೂತು ಡ್ಯೂಟಿ ಹಾಕುವ ಕಂಟ್ರೋಲರ್ ನೆನಪಾಗಿ ಕಂಡಕ್ಟರ್ ದಡಕ್ಕನೆ ಸೀಟು ಬಿಟ್ಟೆದ್ದ. “ಕಂಟ್ರೋಲರ್ ಸಾಹೇಬ್ರದಾ? ಮೊದಲೇ ಹೇಳ್ಬಾರ್ದಾ ಸಾರ್! ಟಿಕೆಟ್ ಬೇಡ, ಬನ್ನಿ, ನನ್ ಸೀಟಲ್ಲಿ ಕೂತ್ಕೊಳ್ಳಿ.”

ಬೇರೆ ಯಾರಾದರೂ ಆಗಿದ್ದರೆ ತೆಪ್ಪಗೆ ಕೂರುತ್ತಿದ್ದರು. ಜಂಬಣ್ಣನಿಗೆ ಮೈ ಉರಿಯಿತು. “ಯಾವ ಸಾಹೇಬ್ರದೂ ಅಲ್ಲ! ಇದು ನಂದು! ಇನ್ನೊಬ್ರ ಹೆಸರು ಹೇಳ್ಕೊಂಡು ಪುಕ್ಕಟೆ ಬರೋ ಜಾತಿ ಅಲ್ಲ ನಾನು!”

ಕಂಡಕ್ಟರ್ ಮತ್ತೆ ತನ್ನ ಸೀಟಿನಲ್ಲಿ ತಾನೇ ಕೂತು, ಡಬ್ಬಕ್ಕೂ ಟಿಕೆಟ್ಟು ಹರಿದ. ವಿಜಯನಗರದವರೆಗೂ ಡಬ್ಬ ಜಂಬಣ್ಣನ ಕಾಲ ಮೇಲೇ ಇತ್ತು.

ಕುಂಟುತ್ತ ಮನೆಗೆ ಬಂದರೆ ಗೇಟಿನಲ್ಲೇ ದೊಡ್ಡಹನುಮಯ್ಯ ಕೈಮುಗಿದು ನಿಂತಿದ್ದ. ಶೆಡ್ಡು ಗುಡಿಸಿಯಾಗಿತ್ತು, ಹೊಸ ಬಲ್ಬು ಉರಿಯುತ್ತಿತ್ತು, ಎಮ್ಮೆ ಚರಂಡಿಯಾಚೆ ಬೀದಿಯಲ್ಲಿ ನಿಂತಿತ್ತು.

“ಬೆಳಿಗ್ಗೆ ಏನೋ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಜಂಬಣ್ಣೋರೇ. ಶೆಡ್ಡು ನಿಮ್ದೇ ಅನ್ಕೊಳ್ಳಿ. ಎಮ್ಮೆಗೇನು, ಬೀದೀಲಿರುತ್ತೆ.”

ಜಂಬಣ್ಣ ಬೆಪ್ಪಾಗಿ ಒಳಗೆ ಹೋದ. ಮಾಲೀಕನ ಮನೆಯಿಂದ ಬಂದ ಒಬ್ಬಟ್ಟನ್ನು ತಟ್ಟೆಗೆ ಹಾಕುತ್ತಿದ್ದ ಹೆಂಡತಿ ನೀಲಮ್ಮ ಪಿಸುಗುಟ್ಟಿದಳು: “ನೀವು ರೆಂಟ್ ಕಂಟ್ರೋಲರ್ ಹತ್ರ ಹೋಗಿದೀರ ಅಂತ ಅಂಜನಮ್ಮ ಹಬ್ಸಿದಾಳೆ ಕಣ್ರೀ. ಬಾಯಿ ಮುಚ್ಕೊಂಡು ಒಬ್ಬಟ್ಟು ತಿನ್ನಿ.”

“ಏನು? ಮಾಲೀಕನ ಮೇಲೆ ದೂರು ಕೊಡೋ ಚಾಡಿಕೋರ ಅಂತ ನನ್ನ ಹೆಸರು ಬೀದೀಲಿ ಓಡಾಡ್ತಿದ್ಯಾ?”

“ಓಡಾಡ್ಲಿ ಬಿಡ್ರೀ, ಶೆಡ್ಡು ಉಳೀತಲ್ಲ! ಕೋಲು ಕೊಟ್ಟು ಹೊಡೆಸ್ಕೋಬೇಡಿ.”

ಅವಳ ಮಾತು ಮುಗಿಯುವ ಮೊದಲೇ ಜಂಬಣ್ಣ ಡಬ್ಬ ಹೊತ್ತು ಅಂಗಳಕ್ಕಿಳಿದಿದ್ದ. ಅಂಜನಮ್ಮನನ್ನೂ ಕೂಗಿ ಕರೆದು, ಮಾಲೀಕನ ಮುಂದೆ ಡಬ್ಬ ಇಟ್ಟು ಮುಚ್ಚಳ ತೆಗೆದ. “ನೋಡಿ! ಕಣ್ತುಂಬ ನೋಡಿ! ನಾನು ತಂದಿರೋ ಕಂಟ್ರೋಲರ್ ಇದು! ಹಿಂದಿನಿಂದ ಚೂರಿ ಹಾಕೋನಲ್ಲ ನಾನು!”

ದೊಡ್ಡಹನುಮಯ್ಯ ಬಗ್ಗಿ ನೋಡಿದ. ಒಳಗೆ ತಂತಿಗಳಿದ್ದವು. “ಇದು ಅರ್ಜಿ ತಗೊಳ್ಳಲ್ವಾ?”

“ಇಲ್ಲ ಕಣ್ರೀ! ಕಂಪ್ಯೂಟರ್ ಹೇಳಿದ್ದಷ್ಟೇ ಕೇಳುತ್ತೆ!”

“ನೋಟೀಸು ಗೀಟೀಸು?”

“ಏನೂ ಇಲ್ಲ!”

ದೊಡ್ಡಹನುಮಯ್ಯ ದೀರ್ಘವಾಗಿ ಉಸಿರು ಬಿಟ್ಟ. ಮುಖದಲ್ಲಿ ಬೆಳಗಿನ ಕಳೆ ಮರಳಿತು. ಬೀದಿಗೆ ಹೋಗಿ ಎಮ್ಮೆ ಹಿಡಿದು ತಂದು ನೇರವಾಗಿ ಶೆಡ್ಡಿಗೆ ನುಗ್ಗಿಸಿ, ಮಿಷಿನ್ನಿನ ಹಿಡಿಗೇ ಹಗ್ಗ ಕಟ್ಟಿದ.

ಜಂಬಣ್ಣ ಕೂಗಿದ. “ಅನ್ಯಾಯ! ನಾಳೆನೇ ಹೋಗ್ತೀನಿ! ನಿಜವಾದ ಕಂಟ್ರೋಲರ್ ಹತ್ರಾನೇ ಹೋಗ್ತೀನಿ!”

ಅಂಜನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದೊಡ್ಡಹನುಮಯ್ಯ ಎಮ್ಮೆಯ ಬೆನ್ನು ಸವರುತ್ತ ನಿರಾಳವಾಗಿ ಅಂದ:

“ಧಾರಾಳವಾಗಿ ಹೋಗ್ಬನ್ನಿ ಜಂಬಣ್ಣ. ಈ ಸಲ ತರೋ ಕಂಟ್ರೋಲರ್ರು ಒಂಚೂರು ಸಣ್ಣದಿರ್ಲಿ. ಶೆಡ್ಡಲ್ಲಂತೂ ಜಾಗ ಇಲ್ಲ, ಅಡಿಗೆ ಮನೇಲೇ ಇಡ್ಬೇಕಲ್ಲ, ನೀಲಮ್ಮೋರಿಗೆ ಇಕ್ಕಟ್ಟಾಗುತ್ತೆ.”