ಹಳೇ ವಜ್ರ, ಹೊಸ ಫಜೀತಿ

ಹಳೇ ಒಡವೆ ಮಾರೋರು, ಕೊಳ್ಳೋರು ಇರೂತನಕ ನಗೋದಕ್ಕ ಬರಗಾಲ ಇಲ್ಲ. ಇಂಗ್ಲಿಷರ ಕಾಲದಾಗ ಪುಣೆಯ ಸರಾಫರ ಓಣಿಯೊಳಗ ನಾನು ವಜ್ರದ ದಲ್ಲಾಳಿ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದ್ರ ಲಕಡಿ ಪೂಲ್ ಅನ್ನೋ ಸೇತುವೆಯ ಈ ತುದಿಗೆ ನಿಂತು, ಆ ತುದಿಯ ಟಾಂಗಾದಾಗ ಕೂತ ಹೆಣ್ಣುಮಗಳ ಮೂಗಿನ ಹರಳು ವಜ್ರವೋ ಗಾಜೋ ಹೇಳ್ತಿದ್ದೆ. ಕುದುರೆಯ ವಯಸ್ಸು ಹೇಳಿದ್ದು ಪುಕ್ಕಟೆ.

ಪೇಶವೆಯವರ ಉಂಗುರ

ಶನಿವಾರ ಪೇಠೆಯ ಒಬ್ಬರು ಉಂಗುರ ತಂದರು. "ಅಹೋ, ಪೇಶವೆ ಕಾಲದ್ದು! ನಮ್ಮ ಮುತ್ತಜ್ಜಗ ದರಬಾರದಾಗ ಕೊಟ್ಟದ್ದು!"

ಹಳೇ ಒಡವೆ ಕೊಳ್ಳುವಾಗ ಕಥೆ ಕೇಳಬಾರದು, ಒಳಬದಿ ನೋಡಬೇಕು. ನೋಡಿದೆ. ಇಂಗ್ಲಿಷ್ ಅಕ್ಷರದ ಮುದ್ರೆ! ನನಗ ಓದಾಕ ಬರೂದಿಲ್ಲ ಖರೆ, ಆದ್ರ ರೈಲಿನ ಡಬ್ಬಿ ಮ್ಯಾಲೆ ಅಂಥವನ್ನ ದಿನಾ ನೋಡಿದವ ನಾನು.

"ಪೇಶವೆಯವರ ಉಂಗುರಕ್ಕ ಇಂಗ್ಲಿಷ್ ಹ್ಯಾಂಗ ಬಂತ್ರಿ?"

ಆಸಾಮಿ ಅಳುಕಲಿಲ್ಲ. "ಮುಂದ ಯಾರ ರಾಜ್ಯ ಬರ್ತದಂತ ಅವರಿಗೆ ಮೊದಲ ಗೊತ್ತಿತ್ತು!"

ಬಿಸಿ ಉಸಿರು

ಧಾರವಾಡದ ಕಡೆಯ ಕಾರಕೂನನೊಬ್ಬಗ ವಜ್ರ ಪರೀಕ್ಷೆ ಕಲಿಸಿದೆ. "ಹರಳಿನ ಮ್ಯಾಲೆ ಹಾ ಅಂತ ಉಸಿರು ಬಿಡ್ರಿ. ಮಬ್ಬು ಕೂತರ ಗಾಜು, ಥಟ್ಟನೆ ಹಾರಿದರ ವಜ್ರ."

ಅವ ಕಸಬಾ ಪೇಠೆಯ ಒಬ್ಬ ಹೆಣ್ಣುಮಗಳ ಹಳೇ ಮೂಗುಬಟ್ಟು ನೋಡಾಕ ಹೋದ. ಆಕಿ, "ಮುತ್ತೈದಿ ನಾನು. ವ್ಯವಹಾರ ಕುದುರೂತನಕ ಮೂಗು ಬರಿದು ಮಾಡೂದಿಲ್ಲ. ಇದ್ದಲ್ಲೇ ನೋಡ್ರಿ" ಅಂದಳು. ಪುಣ್ಯಾತ್ಮ ಇದ್ದಲ್ಲೇ ಪರೀಕ್ಷೆ ಮಾಡಿದ.

ಸಂಜೆಗೆ ಗಲ್ಲ ಪೂರಿ ಉಬ್ಬಿದಂಗ ಉಬ್ಬಿಸಿಕೊಂಡು ಬಂದ.

"ಏನಾತ್ರಿ?"

"ಹರಳು ಅಸಲಿ ಅದ ರೀ. ಆಕಿ ಕೈನೂ."

ಆಗಿಬಂದ ವಾಲಿ

ವಜ್ರ ಎಲ್ಲರಿಗೂ ಆಗಿಬರೂದಿಲ್ಲ. ಅದಕ್ಕ ನಮ್ಮ ಮಂದಿ ಮೊದಲು ಮನಿಗೆ ಒಯ್ದು ಇಟ್ಟು ನೋಡ್ತಾರ. ಮನಿಯಾಗ ಒಳ್ಳೇದಾದ್ರ ಕೊಳ್ತಾರ, ಕೆಟ್ಟದ್ದಾದ್ರ ತಿರುಗಿ ತಂದುಕೊಡ್ತಾರ.

ಪುಣೆಯಾಗ ಮನಿ ಮಾಡಿದ್ದ ಬೆಳಗಾವಿ ಕಡೆಯ ವಕೀಲರೊಬ್ಬರು ಹೆಂಡತಿಗೆಂದು ಕಿವಿಯ ಹಳೇ ವಜ್ರದ ವಾಲಿ ಹಂಗ ಒಯ್ದರು. ಆಗ ಹೆಂಡತಿಯ ತಾಯಿ, ಅಂದ್ರ ಅತ್ತೆ, ಬೆಳಗಾವಿಯಿಂದ ಬಂದು ಅವರ ಮನಿಯಾಗೇ ಇದ್ದರು. ದೀಪಾವಳಿಗೆ ಸಣ್ಣಂಚಿನ ಸೀರಿ ಕೊಟ್ಟರಂತ ಅಳಿಯನ ಜೋಡಿ ಮಾತು ಬಿಟ್ಟಿದ್ದರು.

ಮರುದಿನ ವಕೀಲರು ಓಡಿ ಬಂದರು. "ತಗೋರಿ ಮಾರಾಯ್ರ, ಆಗಿಬರಲಿಲ್ಲ! ಅತ್ತೆ ಮಾತಾಡಾಕ ಹತ್ಯಾರ! ಕೂಡಿಟ್ಟ ಮಾತೆಲ್ಲಾ ಒಮ್ಮೆಲೇ ತೆಗದಾರ!"

ಹಿಂದೇ ಅವರ ಹೆಂಡತಿ. "ಭಾಳ ಆಗಿಬಂದದ! ನಮ್ಮವ್ವ ಬಾಯಿ ಬಿಟ್ಟಳು. ವಾಲಿ ತಿರುಗಿ ಕೊಟ್ರ ನಾ ತೌರಿಗೆ ಹೊಂಟೆ!"

ಕೊಂಡರ ಅತ್ತೆಯ ಮಾತು, ಬಿಟ್ಟರ ಹೆಂಡತಿಯೇ ಇಲ್ಲ. ಹೈಕೋರ್ಟಿನ ಜಡ್ಜ್ ಬಿಡಿಸಲಾರದ ಗಂಟು ನಾ ಬಿಡಿಸಿದೆ. ವಕೀಲರ ಕಿವಿಯಾಗ ಅಂದೆ: "ವಾಲಿ ಕೊಂಡು ಅತ್ತೆಯವರಿಗೇ ಹಾಕ್ರಿ. ಹರಳು ಹೋದಲ್ಲಿ ಮಾತೂ ಹೋಗ್ತದ. ಬೆಳಗಾವಿ ರೈಲಿಗೆ ಹತ್ತಿಸಿಬಿಡ್ರಿ."

ಅವ್ವಗ ವಾಲಿ ಅಂತ ಹೆಂಡತಿಗೂ ಖುಷಿ, ಅತ್ತೆ ಹೋಗ್ತಾರಂತ ವಕೀಲರಿಗೂ ಖುಷಿ. ನನ್ನ ಬುದ್ಧಿಯ ಫಲ ನೋಡಬೇಕಂತ ನಾನೂ ಜೋಡಿ ಹೋದೆ. ಅತ್ತೆ ವಾಲಿ ಇಟ್ಟುಕೊಂಡು ಕನ್ನಡಿ ನೋಡಿದರು. ಕಣ್ಣಾಗ ನೀರು ಬಂತು. ವಕೀಲರು ಮೆಲ್ಲಗೆ, "ರೈಲು ಸಂಜಿಗೆ ಅದ, ಅತ್ತೆಯವರ" ಅಂದರು.

"ಎಲ್ಲೀ ರೈಲು ಹಚ್ಚೀರಿ, ಅಳಿಯಂದ್ರ? ಹೊಟ್ಟ್ಯಾಗ ಹುಟ್ಟಿದ ಮಗನೂ ನನಗ ಇಷ್ಟು ಮಾಡಲಿಲ್ಲ. ನಿಮ್ಮನ್ನ ಬಿಟ್ಟು ನಾ ಇನ್ನ ಎಲ್ಲಿಗೂ ಹೋಗೂದಿಲ್ಲ!"